ಬಾಗಿಲು ಭದ್ರವಿರಲಿ, ಆಪತ್ತಿಗೆ ತೆರೆಯುವಂತಿರಲಿ

ರಾತ್ರಿ ಊಟವಾದ ಮೇಲೆ ನಮ್ಮ ಕರಾವಳಿಯ ಮನೆಗಳಲ್ಲಿ ಬೀಗ ಹಾಕುವುದೇ ಒಂದು ಕೆಲಸ. ಗೇಟಿಗೆ ಸರಪಳಿ ಸುತ್ತಿ ಒಂದು ಬೀಗ, ಸಿಟ್‌ಔಟಿನ ಗ್ರಿಲ್ಲಿಗೆ ಒಳಗಿನಿಂದ ಇನ್ನೊಂದು. ಮುಂಬಾಗಿಲಿಗೆ ಲಾಕ್, ಸಾಲದ್ದಕ್ಕೆ ಮೇಲೊಂದು ಕೆಳಗೊಂದು ಚಿಲಕ. ಮಲಗುವ ಕೋಣೆಗೂ ಬೋಲ್ಟ್. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿದ್ದರೆ ಇದರಲ್ಲಿ ಒಂದೂ ತಪ್ಪುವುದಿಲ್ಲ. ಕಳ್ಳರ ಭಯ ಸುಳ್ಳಲ್ಲ. ಆದರೆ ನಡುರಾತ್ರಿ ಬಚ್ಚಲಿನಲ್ಲಿ ಜಾರಿಬಿದ್ದಾಗ, ಎದೆನೋವು ಬಂದಾಗ, ಅಡುಗೆಮನೆಗೆ ಬೆಂಕಿ ಹತ್ತಿದಾಗ ಓಡಿಬಂದ ನೆರೆಯವರನ್ನು ಹೊರಗೇ ನಿಲ್ಲಿಸುವುದೂ ಇದೇ ಬೀಗಗಳು.

ಮನೆಯ ಪ್ರತಿಯೊಂದು ಬಾಗಿಲೂ ಎರಡು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಒಳಗಿದ್ದವರು ಚಾವಿ ಹುಡುಕದೆ ಕತ್ತಲೆಯಲ್ಲೂ ತೆರೆದು ಹೊರಗೆ ಬರುವಂತಿರಬೇಕು. ನೀವು ನಂಬಿ ಚಾವಿ ಕೊಟ್ಟವರು, ಒಳಗಿನವರ ಸಹಾಯವಿಲ್ಲದೆ ಹೊರಗಿನಿಂದ ತೆರೆಯುವಂತಿರಬೇಕು. ಚಿಲಕ ಎರಡನೆಯದರಲ್ಲಿ ಸೋಲುತ್ತದೆ. ಗ್ರಿಲ್ಲಿನ ಒಳಗೆ ನೇತಾಡುವ ಬೀಗ ಎರಡರಲ್ಲೂ ಸೋಲುತ್ತದೆ.

ಮೊದಲ ಹೆಜ್ಜೆ: ರಸ್ತೆಯಿಂದ ಹಾಸಿಗೆಯವರೆಗೆ ಬೀಗಗಳನ್ನು ಎಣಿಸಿ

ಒಂದು ಕಾಗದ ಹಿಡಿದು ಗೇಟಿನ ಹೊರಗಿನಿಂದ ನಡೆದುಬನ್ನಿ. ಎದುರಾದ ಪ್ರತಿಯೊಂದು ಬೀಗ, ಬೋಲ್ಟು, ಕೊಂಡಿಯನ್ನು ಬರೆದುಕೊಳ್ಳಿ. ಐದಾರು ಸಿಕ್ಕೇ ಸಿಗುತ್ತವೆ. ಪ್ರತಿಯೊಂದರ ಮುಂದೆ ‘ಒಳಗಿನಿಂದ ಚಾವಿ ಬೇಕೇ?’, ‘ಹೊರಗಿನಿಂದ ತೆರೆಯಬಹುದೇ?’ ಎಂದು ಎರಡು ಕಾಲಂ ಹಾಕಿ ಉತ್ತರ ಬರೆಯಿರಿ. ಜತೆಗೆ ಟೇಪು ಹಿಡಿದು ಅಗಲವನ್ನೂ ಅಳೆಯಿರಿ. ಸ್ಟ್ರೆಚರ್ ಸುಮಾರು 55ರಿಂದ 60 ಸೆಂ.ಮೀ. ಅಗಲ, 190 ಸೆಂ.ಮೀ. ಉದ್ದವಿರುತ್ತದೆ. ಅದನ್ನು ಹಿಡಿದವರ ಕೈ, ಮೊಣಕೈಗೂ ಜಾಗ ಬೇಕು. ಹಾಗಾಗಿ ಬಾಗಿಲು ಪೂರ್ತಿ ತೆರೆದಾಗ ದಾರಂದದ ನಡುವೆ 90 ಸೆಂ.ಮೀ. ಖಾಲಿ ಸಿಗಬೇಕು. ಎರಡು ಪಟ್ಟಿಯ ಹಳೆಯ ಬಾಗಿಲಾದರೆ ಎರಡನೆಯ ಪಟ್ಟಿಯ ಮೇಲಿನ ಬೋಲ್ಟು ಕೈಗೆ ಸಿಗುತ್ತದೆಯೇ, ತುಕ್ಕು ಹಿಡಿದು ಕೂತಿದೆಯೇ ನೋಡಿ. ವರ್ಷಗಟ್ಟಲೆ ತೆರೆಯದ ಪಟ್ಟಿಯೇ ಹೆಚ್ಚು.

ಮುಂಬಾಗಿಲು: ನಾಲ್ಕು ಚಿಲಕದ ಬದಲು ಒಂದು ಸರಿಯಾದ ಲಾಕ್

ಒಂದೇ ಲಾಕ್ ನಂಬಿ ಮಲಗುವುದು ಹೇಗೆ ಎಂದು ಕೇಳುವವರಿದ್ದಾರೆ. ಒದ್ದು ತೆರೆದ ಬಾಗಿಲುಗಳಲ್ಲಿ ಲಾಕ್ ಮುರಿದಿರುವುದು ಕಡಿಮೆ. ಲಾಕಿನ ನಾಲಗೆ ಕೂರುವ ಕಡೆ ದಾರಂದ ಸೀಳಿರುತ್ತದೆ. ಏಕೆಂದರೆ ಅಲ್ಲಿನ ಲೋಹದ ಪಟ್ಟಿಯನ್ನು ಅರ್ಧ ಇಂಚಿನ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಆಚಾರಿಯವರಿಗೆ ಹೇಳಿ ಅದನ್ನು ಬಿಚ್ಚಿಸಿ, 3 ಮಿ.ಮೀ. ದಪ್ಪದ ಉದ್ದ ಪಟ್ಟಿ ಹಾಕಿಸಿ, ಎರಡೂವರೆಯಿಂದ ಮೂರು ಇಂಚಿನ ಸ್ಟೇನ್‌ಲೆಸ್ ಸ್ಕ್ರೂ ಬಿಗಿಸಿ. ಹಲಸಿನ ಅಥವಾ ಭೋಗಿ ಮರದ ದಾರಂದವಾದರೆ ಮೊದಲು ಸಣ್ಣ ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಸ್ಕ್ರೂ ತಲೆ ಮುರಿಯುತ್ತದೆ ಅಥವಾ ಮರ ಬಿರಿಯುತ್ತದೆ. ಹಿಂಜಿನ ಬದಿಯ ಸ್ಕ್ರೂಗಳಿಗೂ ಇದೇ ಉಪಚಾರ. ಇಷ್ಟು ಮಾಡಿದ ಬಾಗಿಲಿಗೆ, ನಾಲಗೆ 20 ಮಿ.ಮೀ.ಗಿಂತ ಹೆಚ್ಚು ಹೊರಬರುವ ಮಾರ್ಟಿಸ್ ಲಾಕ್ (ಬಾಗಿಲಿನ ದಪ್ಪದೊಳಗೇ ಕೂರುವ ಲಾಕ್) ಒಂದಿದ್ದರೆ, ಎರಡಿಂಚಿನ ಅಲ್ಯುಮಿನಿಯಂ ಬೋಲ್ಟು ನಾಲ್ಕು ಹಾಕಿದ್ದಕ್ಕಿಂತ ಗಟ್ಟಿ.

ಇನ್ನು ಸಿಲಿಂಡರಿನ, ಅಂದರೆ ಲಾಕಿನಲ್ಲಿ ಚಾವಿ ಹೋಗುವ ಭಾಗದ ಆಯ್ಕೆ. ಅಂಗಡಿಯಲ್ಲಿ ‘ಬೋತ್ ಸೈಡ್ ಕೀ’ ಎಂದು ಕೊಡುವುದು ಎರಡೂ ಕಡೆ ಚಾವಿ ಹಾಕುವಂಥದ್ದು. ಮನೆಯ ಮುಂಬಾಗಿಲಿಗೆ ಇದು ಬೇಡ. ಹೊಗೆ ತುಂಬಿದ ಕತ್ತಲೆಯಲ್ಲಿ ಒಳಗಿನವರು ಚಾವಿ ತಡಕಾಡಬೇಕಾಗುತ್ತದೆ. ಅದಕ್ಕೆ ಹೆದರಿ ಚಾವಿಯನ್ನು ಒಳಗಿನಿಂದ ಲಾಕಿನಲ್ಲೇ ಬಿಟ್ಟರೆ ಇನ್ನೊಂದು ತೊಂದರೆ: ಸಾಮಾನ್ಯ ಸಿಲಿಂಡರಿನಲ್ಲಿ ಒಳಗೆ ಚಾವಿ ಇದ್ದಾಗ ಹೊರಗಿನ ಚಾವಿ ಪೂರ್ತಿ ಹೋಗುವುದಿಲ್ಲ ಅಥವಾ ತಿರುಗುವುದಿಲ್ಲ. ಮಗ ವಿಮಾನ ಹತ್ತಿ ಬಂದರೂ ಅಷ್ಟೆ, ಪಕ್ಕದ ಮನೆಯವರು ಎರಡೇ ನಿಮಿಷದಲ್ಲಿ ಬಂದರೂ ಅಷ್ಟೆ.

‘ಒನ್ ಸೈಡ್ ಕೀ, ಒನ್ ಸೈಡ್ ನಾಬ್’ ಕೇಳಿ. ಒಳಗಿನಿಂದ ಬೆರಳಲ್ಲಿ ತಿರುಗಿಸುವ ನಾಬ್, ಹೊರಗಿನಿಂದ ಚಾವಿ. ಬಾಗಿಲಿನಲ್ಲಿ ಗಾಜು ಇದ್ದರೆ ಅಥವಾ ಪಕ್ಕದಲ್ಲೇ ಕೈ ಹಾಕುವಂಥ ಕಿಟಕಿ ಇದ್ದರೆ ಮಾತ್ರ ನಾಬ್ ಬೇಡ. ಅಂಥಲ್ಲಿ ‘ಎಮರ್ಜೆನ್ಸಿ ಫಂಕ್ಷನ್’ ಇರುವ ಸಿಲಿಂಡರ್ ತರಿಸಿ. ಒಳಗೆ ಚಾವಿ ಸಿಕ್ಕಿಸಿದ್ದರೂ ಹೊರಗಿನ ಚಾವಿ ಕೆಲಸ ಮಾಡುತ್ತದೆ. ಒಳಗಿನ ಚಾವಿಯನ್ನು ಕಿಟಕಿಯಿಂದ ಕೈಗೆಟಕದ, ಆದರೆ ಮನೆಮಂದಿಗೆಲ್ಲ ಗೊತ್ತಿರುವ ಒಂದೇ ಮೊಳೆಗೆ ತೂಗುಹಾಕಿ. ಕೊಳ್ಳುವ ಮೊದಲು ಬಾಗಿಲಿನ ದಪ್ಪ ಅಳೆದುಕೊಂಡು ಹೋಗಿ. ಸಾಮಾನ್ಯವಾಗಿ 60 ಅಥವಾ 70 ಮಿ.ಮೀ. ಸಿಲಿಂಡರ್ ಹೊಂದುತ್ತದೆ. ಹೊರಗಿನ ತಗಡಿನಿಂದ ಅದು 3 ಮಿ.ಮೀ.ಗಿಂತ ಹೆಚ್ಚು ಚಾಚಿದ್ದರೆ ಇಕ್ಕಳ ಹಾಕಿ ಮುರಿಯುವುದು ಸುಲಭ.

ಹಳೆಯ ನೈಟ್‌ಲ್ಯಾಚ್ (ಬಾಗಿಲು ಎಳೆದರೆ ತಾನಾಗಿ ಬೀಳುವ ಲಾಕ್) ಇರುವವರು ಅದರ ಪಕ್ಕದ ಪುಟ್ಟ ಗುಂಡಿಯನ್ನು ಗಮನಿಸಿ. ಅದನ್ನು ಒತ್ತಿಬಿಟ್ಟರೆ ಹೊರಗಿನ ಚಾವಿ ತಿರುಗುವುದಿಲ್ಲ. ರಾತ್ರಿ ಅದನ್ನು ಒತ್ತುವ ಅಭ್ಯಾಸವಿದ್ದರೆ ನೆರೆಯವರಿಗೆ ಕೊಟ್ಟ ಚಾವಿಯಿಂದ ಪ್ರಯೋಜನವಿಲ್ಲ. ಚಿಲಕಗಳನ್ನು ‘ಇರಲಿ’ ಎಂದು ಬಿಡಬೇಡಿ, ಬಿಚ್ಚಿಸಿ. ಇದ್ದರೆ ಕೈ ತಾನಾಗಿ ಹಾಕುತ್ತದೆ.

ಡಿಜಿಟಲ್ ಲಾಕ್ ಬೇಕೆನ್ನುವವರು ಮೂರು ವಿಷಯ ಖಚಿತ ಮಾಡಿಕೊಳ್ಳಿ: ಮಾಮೂಲಿ ಚಾವಿಯ ತೂತು ಇರಬೇಕು, ಬ್ಯಾಟರಿ ಸತ್ತಾಗ ಹೊರಗಿನಿಂದ ಕರೆಂಟು ಕೊಡುವ ಜಾಗ ಇರಬೇಕು, ಒಳಗಿನ ಹಿಡಿಯನ್ನು ಕೆಳಗೆ ಒತ್ತಿದರೆ ಸಾಕು, ತೆರೆಯಬೇಕು. ಮಳೆ ನೀರು ಬಡಿಯುವ ಬಾಗಿಲಿಗೆ ಹಾಕಬೇಡಿ. ದೂರದಲ್ಲಿರುವ ಮಕ್ಕಳು ನೆರೆಯವರಿಗೆ ಫೋನಿನಲ್ಲೇ ಕೋಡ್ ಹೇಳಬಹುದು ಎಂಬುದು ಇದರ ದೊಡ್ಡ ಅನುಕೂಲ.

ಗ್ರಿಲ್: ಉಪ್ಪುಗಾಳಿಯ ಲೆಕ್ಕ

ಗ್ರಿಲ್ ಬಾಗಿಲಿಗೆ 40×40 ಮಿ.ಮೀ. ಚೌಕ ಪೈಪಿನ ಚೌಕಟ್ಟು, ಪೈಪಿನ ಗೋಡೆ 2 ಮಿ.ಮೀ., ನಡುವೆ 12 ಮಿ.ಮೀ. ಚೌಕ ಸರಳು, ಸರಳಿನಿಂದ ಸರಳಿಗೆ 10 ಸೆಂ.ಮೀ.ಗಿಂತ ಕಡಿಮೆ ಸಂದು. ಇಷ್ಟು ಮನೆಗೆ ಸಾಕು. ಇದಕ್ಕೂ ನೇತಾಡುವ ಬೀಗ ಬೇಡ, ಮುಂಬಾಗಿಲಿನಂತೆಯೇ ನಾಬ್ ಇರುವ ಲಾಕ್ ಕೂರಿಸಿ. ಸಂದಿಯಲ್ಲಿ ಕೈ ಹಾಕಿ ನಾಬ್ ತಿರುಗಿಸಿದರೆ ಎಂಬ ಪ್ರಶ್ನೆ ಸರಿಯಾದದ್ದೇ. ಲಾಕಿನ ಸುತ್ತ ಎಲ್ಲ ದಿಕ್ಕಿಗೂ 60 ಸೆಂ.ಮೀ. ದೂರದವರೆಗೆ ಸಣ್ಣ ತೂತಿನ ತಗಡನ್ನು ವೆಲ್ಡ್ ಮಾಡಿಸಿ. ಗಾಳಿಯೂ ಆಡುತ್ತದೆ, ಕೈಯೂ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಹೊರಗೆ ನಿಂತು, ಬಗ್ಗಿಸಿದ ತಂತಿಯೊಂದನ್ನು ಹಿಡಿದು ನೀವೇ ತೆರೆಯಲು ಪ್ರಯತ್ನಿಸಿ ನೋಡಿ. ತೆರೆದರೆ ವೆಲ್ಡಿಂಗಿನವರನ್ನು ಅಲ್ಲೇ ನಿಲ್ಲಿಸಿಕೊಳ್ಳಿ.

ಲಾಕ್ ಹಾಕಲು ಬಾರದ ಕೊಲ್ಯಾಪ್ಸಿಬಲ್ ಗೇಟಾದರೆ, ಬೀಗವನ್ನು ಎರಡೂ ಕಡೆಯಿಂದ ಕೈಗೆಟಕುವಂತೆ ಕೊಂಡಿ ಮಾಡಿಸಿ. ಒಂದೇ ಚಾವಿಗೆ ತೆರೆಯುವ ಬೀಗಗಳ ಜೋಡಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಗೇಟು, ಗ್ರಿಲ್ ಎರಡಕ್ಕೂ ಅದನ್ನೇ ಹಾಕಿದರೆ ಗೊಂಚಲಿನಲ್ಲಿ ಚಾವಿ ಹುಡುಕುವ ಸಮಯ ಉಳಿಯುತ್ತದೆ. ಕೆಳಗಿನ ಹಳಿಯಲ್ಲಿ ಹೊಯಿಗೆ, ತರಗೆಲೆ ಕೂತರೆ ಗೇಟು ಅರ್ಧಕ್ಕೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಕೆರೆದು ತೆಗೆಯಿರಿ.

ಉಳ್ಳಾಲ, ಪಣಂಬೂರು, ಸುರತ್ಕಲ್, ಕಾಪು, ಮಲ್ಪೆಯ ಕಡಲ ಬದಿಯಲ್ಲಿ ಗ್ರಿಲ್ಲನ್ನು ತಿನ್ನುವುದು ಉಪ್ಪು. ಅಗ್ಗಕ್ಕೆ ಸಿಗುವ 202 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇಲ್ಲಿ ಬೇಗ ಕಲೆ ಹಿಡಿಯುತ್ತದೆ. 304 ಊರೊಳಗೆ ಸರಿ. ಕಡಲಿನ ಸದ್ದು ಕೇಳುವಷ್ಟು ಹತ್ತಿರದ ಮನೆಗೆ 316 ಲೇಸು. ಆಯಸ್ಕಾಂತ ಹಿಡಿದು ನೋಡಿದರೆ 202 ಮತ್ತು 304ರ ವ್ಯತ್ಯಾಸ ತಿಳಿಯುವುದಿಲ್ಲ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಮಾಮೂಲಿ ಕಬ್ಬಿಣವಾದರೆ ಝಿಂಕ್ ಇರುವ ಎಪಾಕ್ಸಿ ಪ್ರೈಮರ್ ಒಂದು ಕೋಟು, ಮೇಲೆ ಎರಡು ಕೋಟು ಪೇಂಟು. ಜಿಐ (ಝಿಂಕ್ ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ವೆಲ್ಡ್ ಮಾಡಿದ ಕಡೆ ಝಿಂಕ್ ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಇನ್ನೊಂದು ಸಣ್ಣ ಸಂಗತಿಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ಚೌಕಟ್ಟಿನ ಕೆಳಗಿನ ಪೈಪಿನ ಅಡಿಯಲ್ಲಿ 6 ಮಿ.ಮೀ. ತೂತು ಎರಡು ಕೊರೆಸಬೇಕು. ಮಳೆಗಾಲದಲ್ಲಿ ಒಳಗಿಳಿದ ನೀರಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಹೊರಗೆ ಪೇಂಟು ಹೊಳೆಯುತ್ತಿರುವಾಗಲೇ ಒಳಗಿನಿಂದ ಪೈಪು ಕೊಳೆತಿರುತ್ತದೆ. ಹಿಂಜ್ ಕೆಳಗೆ ಕೂತು, ಲಾಕಿನ ನಾಲಗೆ ತೂತಿಗೆ ಸರಿಹೊಂದದೆ ಸಿಕ್ಕಿಕೊಳ್ಳುವುದು ಹೀಗೆ.

ಮಂಗಳೂರಿನ ಬಿಜೈ, ಕದ್ರಿಯಂಥ ಕಡೆ ಫ್ಲ್ಯಾಟುಗಳಲ್ಲಿರುವವರಿಗೆ ಒಂದು ಮಾತು. ಮೆಟ್ಟಿಲಿನ ದಾರಿಯನ್ನು ಸೇರಿಸಿಕೊಂಡು ಗ್ರಿಲ್ ಹಾಕಬೇಡಿ. ನಿಮ್ಮ ಗ್ರಿಲ್ ಹೊರಕ್ಕೆ ತೆರೆದಾಗ ಎದುರು ಮನೆಯ ಬಾಗಿಲಿಗೋ ಮೆಟ್ಟಿಲಿಗೋ ಅಡ್ಡ ಬರಬಾರದು. ತಾರಸಿಯ ಬಾಗಿಲಿನ ಚಾವಿ ಪ್ರತಿ ಮಹಡಿಯಲ್ಲೂ ಒಬ್ಬರಲ್ಲಿರಲಿ.

ಒಂದು ಕಿಟಕಿಯಾದರೂ ತೆರೆಯಲಿ

ಎಲ್ಲ ಕಿಟಕಿಗೂ ಸರಳು ಬಡಿದ ಮನೆಯಲ್ಲಿ ಮುಂಬಾಗಿಲಿನ ಬಳಿಯೇ ಬೆಂಕಿ ಹತ್ತಿದರೆ ದಾರಿಯೇ ಇಲ್ಲ. ಮಲಗುವ ಕೋಣೆಯ ಒಂದು ಕಿಟಕಿಯ ಗ್ರಿಲ್ಲನ್ನು ಹಿಂಜ್ ಹಾಕಿ ಹೊರಕ್ಕೆ ತೆರೆಯುವಂತೆ ಮಾಡಿಸಿ. ತೆರೆದಾಗ ಕನಿಷ್ಠ 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ ಸಿಗಬೇಕು. ಕಿಟಕಿಯ ಅಂಚು ನೆಲದಿಂದ 110 ಸೆಂ.ಮೀ.ಗಿಂತ ಮೇಲಿದ್ದರೆ ವಯಸ್ಸಾದವರು ಹತ್ತಲಾರರು. ಗಟ್ಟಿ ಸ್ಟೂಲೊಂದನ್ನು ಅಲ್ಲೇ ಇಡಿ. ಒಳಗಿನಿಂದ ಎಳೆದರೆ ಬಿಡುವ ಲಿವರ್ ಒಳ್ಳೆಯದು. ಬೀಗವೇ ಆಗಬೇಕೆಂದರೆ ಚಾವಿಯನ್ನು ಆ ಕೋಣೆಯಲ್ಲೇ ಇಟ್ಟುಕೊಳ್ಳಿ, ಹೊರಗಿನಿಂದ ಕೋಲು ಚಾಚಿದರೂ ಸಿಗದ ಗೋಡೆಯಲ್ಲಿ.

ಬಚ್ಚಲು ಬಾಗಿಲು

ಬೀಳುವುದು ಹೆಚ್ಚಾಗಿ ಇಲ್ಲೇ, ಆದರೂ ಈ ಬಾಗಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ವ್ಯಕ್ತಿ ಬಿದ್ದಿದ್ದರೆ ಬೋಲ್ಟು ತೆಗೆದರೂ ಬಾಗಿಲು ಸರಿಯದು. ಜೋರಾಗಿ ದೂಡಿದರೆ ಬಿದ್ದವರಿಗೇ ಪೆಟ್ಟು. ಆದ್ದರಿಂದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿ. ದಾರಂದದ ಒಳತೋಡು ತುಂಬಿಸಿ ಹೊರಗಿನ ಬದಿಗೆ ಹೊಸ ಬೀಡಿಂಗ್ ಹೊಡೆಯಬೇಕಾಗುತ್ತದೆ, ಒಂದು ದಿನದ ಕೆಲಸ. ನೀರು ಹೊರಗೆ ಜಿನುಗದಂತೆ ಕೆಳಗೆ ಸಣ್ಣ ರಬ್ಬರ್ ಪಟ್ಟಿ ಸಾಕು. ಹಾಗೆ ಮಾಡಲು ಜಾಗವಿಲ್ಲದಿದ್ದರೆ, ಬಾಗಿಲನ್ನು ಮೇಲಕ್ಕೆತ್ತಿ ಕಳಚಬಹುದಾದ ಹಿಂಜ್ ಹಾಕಿಸಿ. ಬಾಗಿಲಿನ ಮೇಲ್ಭಾಗದಲ್ಲಿ ಎತ್ತುವಷ್ಟು ಸಂದು ಬಿಟ್ಟಿರಬೇಕು. ಬೋಲ್ಟು ತೆಗೆದು, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಬಾತ್‌ರೂಮ್ ಲ್ಯಾಚ್ ಹಾಕಿಸಿ. ಮಲಗುವ ಕೋಣೆಗೂ ಅದೇ ನಡೆಯುತ್ತದೆ.

ಚಾವಿ ಯಾರ ಕೈಯಲ್ಲಿ?

ಎರಡು ಕಡೆ ಇರಲಿ: ನಡೆದು ಬರುವಷ್ಟು ಹತ್ತಿರದ ಒಂದು ಮನೆ, ಬೈಕಿನಲ್ಲಿ ಬರಬಲ್ಲ ಒಬ್ಬ ಸಂಬಂಧಿಕ. ಚಾವಿಗೆ ಕಟ್ಟಿದ ಚೀಟಿಯಲ್ಲಿ ಮನೆಯ ಹೆಸರು ಬರೆಯಬೇಡಿ, ಬಣ್ಣದ ಗುರುತು ಸಾಕು. ಹೂಕುಂಡದಡಿ, ತುಳಸಿಕಟ್ಟೆಯ ಗೂಡು, ಮೀಟರ್ ಬಾಕ್ಸ್ ಇವೆಲ್ಲ ಕಳ್ಳ ಮೊದಲು ತಡಕುವ ಜಾಗಗಳು.

ನೆರೆಮನೆ ದೂರವಿರುವ ತೋಟದ ಮನೆಗಳಿಗೆ ನಾಲ್ಕಂಕಿಯ ಕೋಡ್ ಇರುವ ಉಕ್ಕಿನ ಚಾವಿಪೆಟ್ಟಿಗೆ ಉತ್ತಮ. ಅದನ್ನು ಕೂರಿಸುವಾಗ ಎಚ್ಚರ. ಕೆಂಪುಕಲ್ಲಿನ ಗೋಡೆಯಲ್ಲಿ ಗಿಡ್ಡ ಪ್ಲಗ್ ಹಾಕಿದರೆ ಗಾರೆಯ ಸಮೇತ ಕಿತ್ತುಬರುತ್ತದೆ. ಸಾಧ್ಯವಿದ್ದರೆ ಕಾಂಕ್ರೀಟಿನ ಕಂಬ ಅಥವಾ ಲಿಂಟೆಲಿಗೆ ಬಿಗಿಸಿ. ಕಲ್ಲೇ ಗತಿಯಾದರೆ 100 ಮಿ.ಮೀ. ಆಳ ಕೊರೆದು, ಪುಡಿಯನ್ನು ಪೂರ್ತಿ ಊದಿ ತೆಗೆದು, ಕೆಮಿಕಲ್ ಆಂಕರ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಬೋಲ್ಟು ಕೂರಿಸಿ. ಪುಡಿ ಉಳಿದರೆ ಅಂಟು ಹಿಡಿಯುವುದಿಲ್ಲ. 112 ಅಥವಾ 108ಕ್ಕೆ ಕರೆ ಮಾಡುವಾಗ ಆ ಕೋಡನ್ನು ಫೋನಿನಲ್ಲೇ ಹೇಳಬಹುದು, ಆಮೇಲೆ ಬದಲಿಸಿದರಾಯಿತು. ಮನೆಯ ಹೆಸರು ರಾತ್ರಿಯೂ ಓದಿಸುವಂತೆ ಗೇಟಿನ ಬಳಿ ಇರಲಿ.

ಚಾವಿ ಹಿಡಿದವರಿಗೆ ಒಂದು ವಿಷಯ ಮೊದಲೇ ತಿಳಿಸಿ. ಗ್ಯಾಸಿನ ವಾಸನೆ ಬರುತ್ತಿದ್ದರೆ ಕಾಲಿಂಗ್ ಬೆಲ್ ಒತ್ತಬಾರದು, ಲೈಟಿನ ಸ್ವಿಚ್ ಮುಟ್ಟಬಾರದು. ಬಾಗಿಲು ತಟ್ಟಿ, ಕೂಗಿ, ಚಾವಿಯಿಂದಲೇ ತೆರೆಯಬೇಕು.

ಮಳೆಗಾಲದ ಪರೀಕ್ಷೆ

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಊರುಗಳಲ್ಲಿ ಮಾರ್ಚಿನಲ್ಲಿ ಹಗುರಾಗಿ ತೆರೆಯುವ ಮರದ ಬಾಗಿಲು ಜುಲೈಯಲ್ಲಿ ಹೆಗಲು ಕೊಟ್ಟರೂ ಅಲುಗುವುದಿಲ್ಲ. ಮರ ಅಡ್ಡಕ್ಕೆ ಉಬ್ಬುತ್ತದೆ, ಲಾಕಿನ ಬದಿ ದಾರಂದಕ್ಕೆ ಒತ್ತುತ್ತದೆ. ಮಳೆಯಲ್ಲೇ ಕೀಸುಳಿ ಹಾಕಿಸಿದರೆ ಬೇಸಗೆಯಲ್ಲಿ ಸಂದು ದೊಡ್ಡದಾಗಿ ನಾಲಗೆಯ ಹಿಡಿತ ಕಡಿಮೆಯಾಗುತ್ತದೆ. ಬೇಸಗೆಯಲ್ಲೇ 3 ಮಿ.ಮೀ. ಸಂದು ಬಿಡಿಸಿ, ಬಾಗಿಲಿನ ತಲೆ ಮತ್ತು ಬುಡದ ಅಂಚಿಗೂ ವಾರ್ನಿಶ್ ಹೊಡೆಸಿ. ಪೇಂಟರುಗಳು ಬಿಟ್ಟುಬಿಡುವುದು ಕಣ್ಣಿಗೆ ಕಾಣದ ಆ ಎರಡು ಅಂಚುಗಳನ್ನೇ, ತೇವ ಹೀರುವುದೂ ಅಲ್ಲಿಂದಲೇ. ಲಾಕಿಗೆ ತೆಂಗಿನೆಣ್ಣೆ ಬಿಡಬೇಡಿ. ಒಂದೆರಡು ದಿನ ನುಣ್ಣಗಾಗಿ, ಆಮೇಲೆ ಧೂಳಿನ ಜತೆ ಸೇರಿ ಅಂಟಾಗುತ್ತದೆ. ಗ್ರಾಫೈಟ್ ಪುಡಿಯನ್ನು ಚಾವಿಗೆ ಸವರಿ ನಾಲ್ಕೈದು ಬಾರಿ ತಿರುಗಿಸಿ, ವರ್ಷಕ್ಕೆರಡು ಸಲ ಸಾಕು.

ಜುಲೈಯ ಒಂದು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ, ಚಾವಿ ಇರುವ ನೆರೆಯವರಿಗೆ ಫೋನ್ ಮಾಡಿ. ಟಾರ್ಚು ಹಿಡಿದು, ಕೊಡೆ ಬಿಡಿಸಿಕೊಂಡು ಅವರು ಗೇಟಿನಿಂದ ಹಾಸಿಗೆಯವರೆಗೆ ಬರಲಿ. ನೀವು ಏನೂ ಹೇಳಬೇಡಿ, ಗಡಿಯಾರ ನೋಡಿ. ಗೇಟು ದಾಟಿದ ಮೇಲೆ ಎರಡು ನಿಮಿಷಕ್ಕಿಂತ ಹೆಚ್ಚಾದರೆ ಅವರನ್ನು ತಡೆದದ್ದು ಯಾವ ಬಾಗಿಲು ಎಂದು ಕೇಳಿ, ಕೆಲಸದವರನ್ನು ಮರುದಿನವೇ ಆ ಬಾಗಿಲಿಗೆ ಕರೆಸಿ.