ಲಾಲ್‌ಬಾಗಿನಲ್ಲಿ ಅರ್ಧ ಗಂಟೆ ಸುಮ್ಮನಿರುವ ಬಗೆ

ಮನಸ್ಸು ದಣಿದಾಗ ಮರಗಿಡಗಳ ನಡುವೆ ಹೋಗಿ ಬನ್ನಿ ಎನ್ನುವವರು ಬಹಳ ಮಂದಿ. ಹೋದ ಮೇಲೆ ಅಲ್ಲಿ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಬೆಂಗಳೂರಿನ ಲಾಲ್‌ಬಾಗನ್ನು ಮುಂದಿಟ್ಟುಕೊಂಡು ಅದನ್ನೇ ಇಲ್ಲಿ ವಿವರಿಸುತ್ತೇನೆ. 1760ರಲ್ಲಿ ಹೈದರಾಲಿ ಆರಂಭಿಸಿದ, ಇಂದು ಸುಮಾರು 240 ಎಕರೆಯಷ್ಟಿರುವ ಈ ತೋಟಕ್ಕೆ ಮೆಟ್ರೊದಲ್ಲೇ ಹೋಗಬಹುದಾದ್ದರಿಂದ, ಕಚೇರಿಗೆ ಹೋಗುವವರಿಗೂ ಇದು ನಿಲುಕದ ಮಾತಲ್ಲ.

ಮೊದಲು ಸಮಯದ ಲೆಕ್ಕ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಾವು ಆರೋಗ್ಯವಾಗಿ, ನೆಮ್ಮದಿಯಾಗಿ ಇರುವುದಾಗಿ ಹೇಳಿದ್ದು ಹೆಚ್ಚು. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ, ನಿಜ. ಆದರೂ ಆ ಎರಡು ಗಂಟೆಯನ್ನು ಬಿಡಿಬಿಡಿಯಾಗಿ ಕಳೆದರೂ ಫಲ ಒಂದೇ ಆಗಿತ್ತೆಂಬುದು ನಮಗೆ ಅನುಕೂಲದ ಸಂಗತಿ: ವಾರದಲ್ಲಿ ನಾಲ್ಕು ದಿನ ಅರ್ಧರ್ಧ ಗಂಟೆ ಸಾಕು.

ಆ ಅರ್ಧ ಗಂಟೆಯನ್ನು ವಾಕಿಂಗ್ ಎಂದು ಭಾವಿಸಬೇಡಿ. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕದ ಜಗಳವನ್ನು ಮುಂದುವರಿಸುತ್ತ ಬಿರುಸಾಗಿ ನಡೆಯುವವರನ್ನು ಅಲ್ಲಿ ಪ್ರತಿದಿನ ಬೆಳಿಗ್ಗೆ ಕಾಣುತ್ತೇವೆ; ಅವರ ಕಾಲಿಗೆ ವ್ಯಾಯಾಮವಾಗುತ್ತದೆ, ತಲೆಗೆ ಬಿಡುವಿಲ್ಲ. ಫೋನನ್ನು ಸದ್ದಡಗಿಸಿ ಚೀಲದೊಳಗಿಡಿ. ಜೇಬಿನಲ್ಲಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ ಎಂಬುದು ನನ್ನ ಅನುಭವ.

ಬಳಿಕ ಕೆರೆಯ ದಡದಲ್ಲಿ ಒಂದು ಜಾಗ ಹಿಡಿದು ಕುಳಿತು, ಒಂದೇ ಒಂದು ಜೀವವನ್ನು ಹತ್ತು ನಿಮಿಷ ನೋಡಿ. ನನ್ನ ಆಯ್ಕೆ ನೀರುಕಾಗೆ. ಅದರ ಗರಿಗಳು ನೀರನ್ನು ಪೂರ್ತಿ ತಡೆಯುವುದಿಲ್ಲವಾದ್ದರಿಂದ, ಮುಳುಗಿ ಮೀನು ಹಿಡಿದ ಮೇಲೆ ಅದು ಕೊಂಬೆಯ ತುದಿಯಲ್ಲಿ ಕುಳಿತು, ಒದ್ದೆ ಪಂಚೆಯನ್ನು ಹರವಿದಂತೆ ಎರಡೂ ರೆಕ್ಕೆಗಳನ್ನು ಅಗಲಿಸಿ, ಬಿಸಿಲು ಬಂದ ಕಡೆಗೆ ಸ್ವಲ್ಪಸ್ವಲ್ಪವೇ ತಿರುಗುತ್ತಿರುತ್ತದೆ. ನೋಡುತ್ತಿರುವಾಗ ಕಚೇರಿಯ ಚಿಂತೆ ನಡುವೆ ನುಗ್ಗಿಯೇ ನುಗ್ಗುತ್ತದೆ. ಅದರೊಡನೆ ಸೆಣಸದೆ, ಹಕ್ಕಿಯ ಕೊರಳು ಈಗ ಯಾವ ಕಡೆಗಿದೆ ಎಂದು ಮತ್ತೆ ನೋಡಿದರಾಯಿತು.

ಸಂಜೆ ಹೋಗುವವರಿಗೆ ಕೆಂಪೇಗೌಡ ಗೋಪುರವಿರುವ ಬಂಡೆ ಇನ್ನೂ ಒಳ್ಳೆಯದು. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಕಲ್ಲಿನ ಮೇಲೆ ಅಂಗೈ ಊರಿ ಕುಳಿತರೆ, ಹೊತ್ತು ಮುಳುಗುವಾಗಲೂ ಹಗಲಿನ ಕಾವು ಕೈಗೆ ಹತ್ತುತ್ತದೆ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಕಡೆ ತಲೆಹಾಕಬೇಡಿ. ಆ ನೂಕುನುಗ್ಗಲಿನಲ್ಲಿ ಇದ್ದ ನೆಮ್ಮದಿಯೂ ಹೋದೀತು.

ಲಾಲ್‌ಬಾಗ್ ದೂರವಾದವರು ಊರ ಕೆರೆಯ ಏರಿಯನ್ನೋ ಬೀದಿಯ ಹೊಂಗೆ ಮರವನ್ನೋ ಆರಿಸಿಕೊಳ್ಳಬಹುದು. ಪ್ರತಿ ಸಲವೂ ಹೊಸ ಜಾಗ ಹುಡುಕದೆ ಅಲ್ಲಿಗೇ ಮರಳಿದರೆ, ಹೊಂಗೆ ಚಿಗುರಿದ್ದು, ಹೂ ಉದುರಿ ನೆಲ ಬೆಳ್ಳಗಾದದ್ದು ನಿಮ್ಮ ಕಣ್ಣಿಗೆ ಬೀಳತೊಡಗುತ್ತದೆ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಮರದ ನೆರಳನ್ನೇ ನೆಚ್ಚಿಕೊಂಡು ಕೂರದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.