ಮಾಗಡಿ ಕೆರೆಯಲ್ಲಿ ಮಸುಕಾಗುತ್ತಿದ್ದ ಕಾಲುಗಳು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಎಲ್ಲರೂ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುತ್ತಾರೆ, ನನಗೆ ಮಾತ್ರ ದಡದ ಮೆಟ್ಟುಗಾಲು ಹಕ್ಕಿ ಮೇಲೆ ಕಣ್ಣು. ಆದರೆ ಸಂಜೆ ತೆಗೆದ ಫೋಟೋದಲ್ಲೆಲ್ಲ ಆ ಉದ್ದನೆ ಗುಲಾಬಿ ಕಾಲು ಬರೀ ಮಸುಕು ಗೀರು. ಲೆನ್ಸಿಗೆ ಸುಮ್ನೆ ಎರಡು ವಾರ ಬೈದೆ. ತಪ್ಪು ನನ್ನದೇ. ಫೋಟೋ ಕಾಳು ಕಾಳಾಗಿ ಬರುತ್ತದೆ ಅಂತ ಹೆದರಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, 800ಕ್ಕೇ ಕಟ್ಟಿಹಾಕಿದ್ದೆ, ಬೆಳಕು ಇಳಿದಂತೆ ಶಟರ್ ವೇಗ ತಾನಾಗಿ 1/100 ಸೆಕೆಂಡಿಗೆ ಕುಸಿಯುತ್ತಿತ್ತು, ಹಕ್ಕಿ ಒಂದು ಹೆಜ್ಜೆ ಎತ್ತಿದರೆ ಸಾಕು, ಕಾಲು ಮಾಯ.

ಈಗ ಮ್ಯಾನುವಲ್‌ನಲ್ಲಿ ಶಟರ್ 1/640, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಐಎಸ್‌ಒ ಆಟೋ, ಜಾಸ್ತಿ ಅಂದರೆ 6400. ನೀರು ಕಪ್ಪಗಿದ್ದರೆ ಫೋಟೋದಲ್ಲಿ ಬಿಳಿ ಎದೆಯ ವಿವರವೆಲ್ಲ ಸುಟ್ಟುಹೋಗುತ್ತದಲ್ವಾ, ಅದಕ್ಕೆ ಎಕ್ಸ್‌ಪೋಷರ್ −0.7, ಅಂದರೆ ಫೋಟೋ ಚೂರು ಕತ್ತಲೆ. ಜೋಳ ತುಂಬಿದ ಚೀಲದ ಮೇಲೆ ಲೆನ್ಸ್ ಇಟ್ಟು ದಡದಲ್ಲೇ ಬೋರಲು ಮಲಗಿದೆ, ಅಂಗಿಯ ಕೆಸರಿಗೆ ಮನೆಯಲ್ಲಿ ಬೈಗುಳ ಬೇರೆ. ನಿನ್ನೆಯ ಫೋಟೋದಲ್ಲಿ ಕಾಳು ಇದೆ, ಕಾಲಿನ ಗಂಟಿನಿಂದ ಜಾರುವ ನೀರಿನ ಹನಿಯೂ ಇದೆ.