ಎಂಟು ರಾತ್ರಿ, ಒಂದೇ ಊರು: ಜರ್ಮನಿಯ ಉಲ್ಮ್‌ನಲ್ಲಿ ನಮ್ಮ ರಜೆ

"ಉಲ್ಮಾ? ಅಲ್ಲೇನಿದೆ ಮಾರಾಯ, ಎಂಟು ದಿನ ಏನ್ ಮಾಡ್ತೀಯ?" ಅಂತ ನಮ್ಮ ಭಾವ ನಕ್ಕಿದ್ದರು. ಅವರು ತಲೆಗೆ ಎರಡು ಲಕ್ಷದ ಮೇಲೆ ಕೊಟ್ಟು ಬಸ್ಸಲ್ಲಿ ಕೂತು ಏಳು ದೇಶ ನೋಡಿ ಬಂದವರು. ನಗಲಿ ಬಿಡಿ. 2023ರಲ್ಲಿ ನಾವೂ ಒಂಬತ್ತು ದಿನದಲ್ಲಿ ನಾಲ್ಕು ದೊಡ್ಡ ಊರು ಸುತ್ತೋಕೆ ಹೋಗಿ, ಸೂಟ್‌ಕೇಸ್ ಎಳೆದೂ ಎಳೆದೂ ಕೈ ಬಿದ್ದುಹೋಗಿ, ಜಗಳ ಆಡಿಕೊಂಡು ವಾಪಸ್ ಬಂದಿದ್ದೆವು.

ಈ ಸಲ 2025ರ ಸೆಪ್ಟೆಂಬರ್. ಮ್ಯೂನಿಕ್‌ನಲ್ಲಿ ಇಳಿದು ರೀಜನಲ್ ರೈಲು ಹಿಡಿದರೆ ಎರಡು ಗಂಟೆಗೆ ಉಲ್ಮ್. ಅಡುಗೆಮನೆ ಇರುವ ಒಂದು ರೂಮು, ರಾತ್ರಿಗೆ ಸುಮಾರು 75 ಯೂರೋ. ಅದನ್ನ ಹೇಗೆ ಹುಡುಕಿದೆ ಅಂತ ಮಾತ್ರ ಕೇಳಬೇಡಿ, ಮುಂದಿನ ವರ್ಷ ನನಗೇ ಸಿಗಲ್ಲ.

ಮೊದಲ ತಪ್ಪು, ನಾವು ಹೋಗಿ ಇಳಿದದ್ದು ಭಾನುವಾರ. ಅಂಗಡಿಗಳೆಲ್ಲ ಬಂದ್. ಗೊತ್ತಿದ್ದೂ ಮರೆತಿದ್ದೆ. ಸ್ಟೇಷನ್ ಬೇಕರಿಯ ಬ್ರೆಡ್ಡು, ಮನೆಯಿಂದ ತಂದ ಚಟ್ನಿಪುಡಿ, ಅದೇ ಊಟ. ತುಪ್ಪ ಒಯ್ಯೋ ಹಾಗಿಲ್ಲ, ಹಾಲಿನ ಪದಾರ್ಥ ಒಳಗೆ ಬಿಡಲ್ಲ, ಹಾಗಾಗಿ ಚಟ್ನಿಪುಡಿ ಒಣದೇ.

ಎರಡನೇ ತಪ್ಪಿಗೆ ದುಡ್ಡು ಹೋಯ್ತು. ಡಾಯ್ಚ್‌ಲಾಂಡ್ ಟಿಕೆಟ್ ಆಗ 58 ಯೂರೋ, ತಿಂಗಳಿಡೀ ಲೋಕಲ್ ಬಸ್ಸು, ಟ್ರಾಮು, ರೀಜನಲ್ ರೈಲು ಎಲ್ಲದಕ್ಕೂ ನಡೆಯುತ್ತೆ. ಆದರೆ ಅದು ಚಂದಾ ಲೆಕ್ಕ. 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕತ್ತರಿ. ನನ್ನದು ಮಾಡಿದ್ದೆ. ಹೆಂಡತಿಯದು ನೆನಪಾಗಿದ್ದು 11ಕ್ಕೆ, ಬೆಳಿಗ್ಗೆ ಕಾಫಿ ಕುಡಿಯುವಾಗ. ಆರು ಸಾವಿರ ರೂಪಾಯಿ ಹೋಯ್ತು! ಅವಳು ಇವತ್ತಿಗೂ ಬಿಟ್ಟಿಲ್ಲ.

ಆದರೂ ಟಿಕೆಟ್ಟಿನ ದುಡ್ಡು ವಸೂಲಾಯ್ತು ಅನ್ನಿ. ಹದಿನೈದು ನಿಮಿಷಕ್ಕೆ ಬ್ಲಾಬಾಯ್ರನ್, ಅಲ್ಲಿ ನೀಲಿ ಶಾಯಿ ಚೆಲ್ಲಿದ ಹಾಗಿರೋ ಒಂದು ಬುಗ್ಗೆ. ಇನ್ನೊಂದು ದಿನ ವೆಂಡ್ಲಿಂಗನ್‌ನಲ್ಲಿ ರೈಲು ಬದಲಿಸಿ ಟ್ಯೂಬಿಂಗನ್. ಕಿಟೆಲ್ 1903ರಲ್ಲಿ ತೀರಿಕೊಂಡ ಊರು ಅದು. ಅವರ ನಿಘಂಟು ನಮ್ಮಪ್ಪನ ಟೇಬಲ್ ಮೇಲೆ ಇರ್ತಿತ್ತು, ನೆಕಾರ್ ನದಿ ದಡದಲ್ಲಿ ಸುಮ್ನೆ ಅರ್ಧ ಗಂಟೆ ಕೂತಿದ್ದೆ. ಉಲ್ಮ್‌ನಲ್ಲೇ ಡ್ಯಾನ್ಯೂಬ್ ಸೇತುವೆ ದಾಟಿದರೆ ನೋಯ್-ಉಲ್ಮ್, ಅಂದ್ರೆ ರಾಜ್ಯವೇ ಬೇರೆ, ಬವೇರಿಯಾ. ದಿನಾ ವಾಕಿಂಗ್ ಅಲ್ಲಿಗೇ.

1377ರಲ್ಲಿ ಶುರುವಾಗಿ ಗೋಪುರ ಮುಗಿಯೋಕೆ 1890 ಹಿಡಿದ ಚರ್ಚು ಊರ ನಡುವೆ ನಿಂತಿದೆ, 161 ಮೀಟರ್ ಚಿಲ್ಲರೆ ಎತ್ತರ. ಮೆಟ್ಟಿಲು 768 ಅಂದಾಗ ನನ್ನ ಮೊಣಕಾಲು ಬೇಡ ಅಂತು. ಆದರೆ ಅದರ ಮುಂದಿನ ಬಯಲಲ್ಲಿ ಬುಧವಾರ, ಶನಿವಾರ ಸಂತೆ. ಸೊಪ್ಪು, ಆಲೂಗಡ್ಡೆ, ಟೊಮೇಟೊ ಎಲ್ಲ ಅಲ್ಲೇ ತಗೊಂಡ್ವಿ.

ಆಮೇಲೆ ನನ್ನ ಪ್ರಯೋಗ, ರಾಗಿ ಮುದ್ದೆ. ಹಿಟ್ಟು ಒಂದು ಕೆಜಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಗಾಜಿನ ಒಲೆ, ನುಣ್ಣಗೆ. ಕೋಲು ಹಾಕಿ ತಿರುವಿದರೆ ಪಾತ್ರೆಯೇ ಗಿರಗಿರ ತಿರುಗುತ್ತೆ. ಮೊದಲ ದಿನ ಪೂರ್ತಿ ಗಂಟು. ಎರಡನೇ ದಿನ ಪಾತ್ರೆ ಇಳಿಸಿ, ನೆಲದ ಮೇಲೆ ಒದ್ದೆ ಟವೆಲ್ ಹಾಸಿ ಅದರ ಮೇಲಿಟ್ಟು, ಎರಡು ಪಾದದಿಂದ ಒತ್ತಿ ಹಿಡಿದು ಮರದ ಸೌಟಲ್ಲಿ ತಿರುವಿದೆ. ಬಂತು ನೋಡಿ, ಹಾಸನದ್ದೇ ಮುದ್ದೆ! ಹೊರಗೆ ತಿಂದದ್ದು ಎರಡೇ ಸಲ, ಚೀಸ್ ಹಾಕಿದ ಶ್ಪೆಟ್ಸ್ಲ, ಅಂದ್ರೆ ಮೊಟ್ಟೆ ಸೇರಿಸಿದ ಹಿಟ್ಟಿನ ನೂಡಲ್ಸ್ ಥರದ್ದು. ಮೊಟ್ಟೆ ತಿನ್ನೋ ನಮ್ಮಂಥ ಸಸ್ಯಾಹಾರಿಗಳಿಗೆ ಅದೇ ಗತಿ, ರುಚಿಯೇನೋ ಚೆನ್ನಾಗಿತ್ತು.

ಲೆಕ್ಕ ಬಾಯಲ್ಲೇ ಹೇಳ್ತೀನಿ: ವಿಮಾನ ಇಬ್ಬರಿಗೆ ಒಂದೂಕಾಲು ಲಕ್ಷ, ವೀಸಾ-ವಿಮೆ ಇಪ್ಪತ್ತೈದು ಸಾವಿರ, ರೂಮು ಅರವತ್ತೆರಡು, ಊಟ ಇಪ್ಪತ್ತು, ಓಡಾಟ ಆ ದಂಡ ಸೇರಿ ಹದಿನೆಂಟು. ಚಿಲ್ಲರೆ ಸೇರಿಸಿದರೂ ಇಬ್ಬರಿಗೂ ಎರಡೂಮುಕ್ಕಾಲು ಲಕ್ಷ ದಾಟಿಲ್ಲ.

ಹೋದ ವಾರ ಭಾವ ಫೋನ್ ಮಾಡಿ, "ಆ ರೂಮಿನವರ ನಂಬರ್ ಕೊಡೋ" ಅಂದರು. 10ನೇ ತಾರೀಕು ಮರೀಬೇಡಿ ಅಂತ ಮಾತ್ರ ಹೇಳಿದ್ದೀನಿ.